ತಲೆಗೆ ಪೆಟ್ಟು, ಕುತ್ತಿಗೆಗೆ ಸೂಜಿ

ವಿಠ್ಠಲವಾಡಿಯಲ್ಲಿ ಬಿಡಾರ ಮಾಡಿದವರ ದಿನಚರಿಯನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಬೆಳಿಗ್ಗೆ ಎದ್ದು, ಡಬ್ಬಿ ಕಟ್ಟಿಕೊಂಡು, ಕರ್ಜತ ಬದಲಾಪುರಗಳಿಂದ ತುಂಬಿ ಬರುವ ಲೋಕಲ್ ಗಾಡಿಯ ಬಾಗಿಲಲ್ಲಿ ಒಂದು ಕಾಲೂರಲು ಸ್ಥಳ ಸಿಕ್ಕರೆ ಅದೇ ಪುಣ್ಯವೆಂದು ಹೊರಡುವ ಜನ ನಾವು. ಮುಂದೆ ಕಚೇರಿಯಲ್ಲಿ ಎಂಟು ತಾಸು ಕಂಪ್ಯೂಟರಿನ ಎದುರು ಕುತ್ತಿಗೆ ಚಾಚಿ ಕೂಡ್ರುವದು. ತಿರುಗಿ ಬರುವಾಗ ಮೊಬೈಲಿನ ಮೇಲೆ ಅದೇ ಕುತ್ತಿಗೆಯನ್ನು ಬಗ್ಗಿಸಿ ನಿಲ್ಲುವದು. ನಡುವೆ ಎಲ್ಲಿಯೋ ಒಂದು ಕಡೆ ಜಾರುವದು, ಬೀಳುವದು, ಕಂಬಕ್ಕೆ ತಲೆ ಬಡಿಯುವದು. ೨೦೨೫ರ ಜೂನ್ ೯ರಂದು ಮುಂಬ್ರಾದ ಹತ್ತಿರ ಎರಡು ಲೋಕಲ್ ಗಾಡಿಗಳು ಪರಸ್ಪರ ಹಾಯ್ದು ಹೋಗುವಾಗ ಬಾಗಿಲಲ್ಲಿ ಜೋತಿದ್ದವರು ಹಳಿಗಳ ಮೇಲೆ ಬಿದ್ದು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಓದಿ ನಾವೆಲ್ಲ ಒಂದು ವಾರ ಮರುಗಿದೆವು. ಎಂಟನೆಯ ದಿನ ಅದೇ ಬಾಗಿಲಲ್ಲಿ ಜೋತುಬಿದ್ದೆವು.

ಅಂಥ ದೊಡ್ಡ ಅಪಘಾತಗಳು ವರ್ತಮಾನ ಪತ್ರಗಳಲ್ಲಿ ಬರುತ್ತವೆ. ನಾವು ಈಗ ಹೇಳಹೊರಟಿರುವದು ಯಾವ ಪತ್ರಿಕೆಯಲ್ಲಿಯೂ ಬಾರದ ಒಂದು ಸಣ್ಣ ಪೆಟ್ಟಿನ ಸಂಗತಿ. ಅದು ನಮ್ಮ ಮನೆಯಲ್ಲಿಯೇ ಆದುದು. ಅದರಲ್ಲಿ ತಪ್ಪು ನಮ್ಮದೇ ಇತ್ತು. ತಪ್ಪನ್ನು ಮುಚ್ಚಿಟ್ಟರೆ ಮಾನ ಉಳಿಯಬಹುದು, ಆದರೆ ನೆರೆಯವರಿಗೆ ಉಪಯೋಗವಾಗದು. ಆದುದರಿಂದ ಬರೆಯುತ್ತಿದ್ದೇವೆ.

ಜಾರಿದ ಮೆಟ್ಟಿಲು

ನಮ್ಮ ಅಕ್ಕನ ಯಜಮಾನರು, ಎಂದರೆ ನಮ್ಮ ಭಾವನವರು, ವಿಜಾಪುರದ ಕಡೆಯವರು. ವಯಸ್ಸು ಐವತ್ತನಾಲ್ಕು. ಇಪ್ಪತ್ತೆಂಟು ವರ್ಷಗಳಿಂದ ಮುಂಬಯಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಹೋದ ವರ್ಷ ಮಳೆಗಾಲದಲ್ಲಿ ಒಂದು ಸಂಜೆ, ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ಅವಸರದಿಂದ ಏರುವಾಗ ಅವರ ಕಾಲು ಜಾರಿತು. ತಲೆಯ ಬಲಮಗ್ಗುಲು ಕಬ್ಬಿಣದ ಕಟಾಂಜನಕ್ಕೆ ಬಡಿಯಿತು. ಎಚ್ಚರ ತಪ್ಪಲಿಲ್ಲ, ರಕ್ತ ಬರಲಿಲ್ಲ. ಯಾರೋ ಎತ್ತಿ ಕೂಡ್ರಿಸಿ ನೀರು ಕೊಟ್ಟರು. ಮುಂದಿನ ಗಾಡಿ ಹಿಡಿದು ಮನೆಗೆ ಬಂದರು. ಲಿಂಬೆಹಣ್ಣಿನಷ್ಟು ಬಾವು ಬಂದಿತ್ತು. ನಮ್ಮ ಅವ್ವ ಸುಣ್ಣ-ಅರಿಷಿಣ ಕಲಿಸಿ ಹಚ್ಚಿದಳು. “ಗಟ್ಟಿ ತಲಿ ಅದ, ಏನೂ ಆಗೂದಿಲ್ಲ ಬಿಡ್ರಿ” ಎಂದು ನಾವೇ ನಗೆಯಾಡಿದೆವು. ಅವರೂ ನಕ್ಕರು.

ಬಾವು ನಾಲ್ಕು ದಿನಗಳಲ್ಲಿ ಇಳಿಯಿತು. ತಲೆನೋವು ಮಾತ್ರ ಇಳಿಯಲಿಲ್ಲ. ಕುತ್ತಿಗೆಯೂ ಬಿಗಿಯಿತು. ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದೆವು. ಎರಡನೆಯ ವಾರದಲ್ಲಿ ಭಾವನವರು ಕ್ಷೌರದ ಅಂಗಡಿಗೆ ಹೋಗಿ, ತಲೆಗೆ ಎಣ್ಣೆ ತಿಕ್ಕಿಸಿಕೊಂಡು, ಕೊನೆಗೆ ವಾಡಿಕೆಯಂತೆ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಟಕ್ಕನೆ ತಿರುವಿಸಿಕೊಂಡು ಬಂದರು. ಎರಡು ದಿನ ಹಗುರೆನಿಸಿತಂತೆ. ಆ ಎರಡು ದಿನಗಳ ಸುಖವೇ ನಮ್ಮನ್ನು ಇನ್ನಷ್ಟು ಮೋಸಗೊಳಿಸಿತು. “ಇದು ಕುತ್ತಿಗೆಯ ನರದ ದೋಷ” ಎಂದು ಎಲ್ಲರೂ ಕೂಡಿ ನಿರ್ಣಯಿಸಿಬಿಟ್ಟೆವು.

ಇಪ್ಪತ್ತಮೂರನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ನೀರಿನ ತಂಬಿಗೆ ಅವರ ಎಡಗೈಯಿಂದ ಜಾರಿಬಿದ್ದಿತು. ಅಕ್ಕ ಒರೆಸಿದಳು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಿದ್ದಿತು. ಆಮೇಲೆ “ಕೀಲಿ ಎಲ್ಲಿ ಅದ?” ಎಂದು ಕೇಳುವದಕ್ಕೆ “ಕೊಡಿ ಎಲ್ಲಿ ಅದ?” ಎಂದು ಮೂರು ಸಲ ಕೇಳಿದರು. ನಡೆಯುವಾಗ ಗೋಡೆಯನ್ನು ಹಿಡಿದರು. ಆಗ ಅಕ್ಕ ನಮ್ಮ ಮುಖ ನೋಡಿದಳು, ನಾವು ಅಕ್ಕನ ಮುಖ ನೋಡಿದೆವು. ಆ ರಾತ್ರಿಯೇ ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಆಯಿತು. ತರುಣ ವೈದ್ಯರೊಬ್ಬರು ಚಿತ್ರವನ್ನು ಬೆಳಕಿಗೆ ಹಿಡಿದು, “ಮೆದುಳಿನ ಮೇಲೆ ರಕ್ತ ಕೂಡಿದೆ, ಮೆದುಳನ್ನು ಒಂದು ಮಗ್ಗುಲಿಗೆ ಒತ್ತುತ್ತಿದೆ. ಬಿದ್ದುದು ಯಾವಾಗ?” ಎಂದು ಕೇಳಿದರು. ಇಪ್ಪತ್ತಮೂರು ದಿನಗಳಾದವೆಂದು ಹೇಳಲು ನಮಗೆ ನಾಲಿಗೆ ಏಳಲಿಲ್ಲ.

ಒಳಗೆ ಆದುದೇನು?

ಮರುದಿನ ಶಸ್ತ್ರಕ್ರಿಯೆಯಾದ ಮೇಲೆ ಆ ವೈದ್ಯರು ನಮ್ಮನ್ನು ಕೂಡ್ರಿಸಿಕೊಂಡು ತಿಳಿಸಿ ಹೇಳಿದ ಸಂಗತಿ ಪ್ರತಿಯೊಂದು ಮನೆಗೂ ತಿಳಿದಿರತಕ್ಕದ್ದು. ಮೆದುಳಿನ ಸುತ್ತ ಪೊರೆಗಳಿವೆ. ಮೆದುಳಿನಿಂದ ಹೊರಪೊರೆಯ ಕಡೆಗೆ ಸಣ್ಣ ಸಣ್ಣ ರಕ್ತನಾಳಗಳು ಹಾಯ್ದು ಹೋಗುತ್ತವೆ. ತಲೆ ಒಮ್ಮೆಲೆ ಅಲುಗಿದಾಗ ಇವುಗಳಲ್ಲಿ ಒಂದು ಹರಿಯಬಹುದು. ರಕ್ತ ಧಾರೆಯಾಗಿ ಹರಿಯುವದಿಲ್ಲ, ತೊಟ್ಟಿಕ್ಕುತ್ತದೆ. ಹೊರಗೆ ಗಾಯವಿಲ್ಲ, ಮನುಷ್ಯ ನಡೆದಾಡುತ್ತಾನೆ, ಉಣ್ಣುತ್ತಾನೆ. ವಾರಗಳು ಕಳೆದಂತೆ ಆ ರಕ್ತ ಹೆಚ್ಚುತ್ತ ಹೋಗಿ ಮೆದುಳನ್ನು ಅದುಮುತ್ತದೆ. ವಯಸ್ಸಾದವರಲ್ಲಿ ಮೆದುಳು ಸ್ವಲ್ಪ ಕುಗ್ಗಿ ಒಳಗೆ ಅವಕಾಶ ಹೆಚ್ಚಾಗಿರುವದರಿಂದ ಈ ಭಯವೂ ಹೆಚ್ಚು. ಇನ್ನು ಹೃದಯದ ಸಲುವಾಗಿ ರಕ್ತ ತೆಳುಮಾಡುವ ಗುಳಿಗೆ ನುಂಗುವವರಿಗಂತೂ ಸಣ್ಣ ಪೆಟ್ಟೂ ಸಣ್ಣದಲ್ಲ. ನಮ್ಮ ಭಾವನವರು ಅಂಥ ಗುಳಿಗೆಯನ್ನು ನಾಲ್ಕು ವರ್ಷಗಳಿಂದ ದಿನಾಲು ನುಂಗುತ್ತಿದ್ದರು! ಅದನ್ನು ಪೆಟ್ಟಿಗೆಯಿಂದ ತೆಗೆದು ಕೊಡುತ್ತಿದ್ದವರೂ ನಾವೇ. ಆದರೂ ಎರಡನ್ನೂ ಕೂಡಿಸಿ ವಿಚಾರ ಮಾಡಲು ನಮಗೆ ಹೊಳೆಯಲಿಲ್ಲ.

ತಲೆಬುರುಡೆಗೆ ಎರಡು ಸಣ್ಣ ರಂಧ್ರ ಕೊರೆದು ರಕ್ತವನ್ನು ಹೊರಗೆ ತೆಗೆದರು. ನಾಲ್ಕನೆಯ ದಿನ ಎಡಗೈಗೆ ಬಲ ಬಂದಿತು; “ಕೀಲಿ” ಕೀಲಿಯಾಯಿತು. ಕ್ಷೌರದ ಅಂಗಡಿಯ ಸಂಗತಿ ಕೇಳಿ ವೈದ್ಯರು ಹಣೆ ಚಚ್ಚಿಕೊಂಡರು. ಕುತ್ತಿಗೆಯ ಎಲುಬುಗಳ ಒಳಗಿಂದಲೇ ಎರಡು ರಕ್ತನಾಳಗಳು ಮೆದುಳಿಗೆ ಏರುತ್ತವೆ. ಕುತ್ತಿಗೆಯನ್ನು ಜಗ್ಗಿ ತಿರುವಿದಾಗ ಅವುಗಳ ಒಳಪದರು ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಉಂಟು. ದೈವ ದೊಡ್ಡದು, ನಮ್ಮ ಪಾಲಿಗೆ ಹಾಗಾಗಲಿಲ್ಲ.

ಉಳಿದ ನೋವು

ಭಾವನವರು ಮನೆಗೆ ಬಂದರು. ಕಥೆ ಅಲ್ಲಿಗೇ ಮುಗಿದಿದ್ದರೆ ಸೂಜಿಯ ಮಾತೇ ಬರುತ್ತಿರಲಿಲ್ಲ. ಮೂರು ತಿಂಗಳಾದರೂ ತಲೆನೋವು ಪೂರ್ತಿ ಹೋಗಲಿಲ್ಲ. ಕುತ್ತಿಗೆ ಕಟ್ಟಿಗೆಯಂತೆ ಬಿಗಿದಿತ್ತು. ಹಿಂದೆ ನೋಡಬೇಕಾದರೆ ಇಡಿಯ ಮೈಯನ್ನೇ ತಿರುಗಿಸಬೇಕು. ಹೊಲಿಗೆ ಹಾಕಿದ ಎರಡು ಗಾಯಗಳು ಮಾಯ್ದಿದ್ದವು, ಆದರೆ ಬಾಚಣಿಕೆ ತಾಕಿದರೆ ಚರ್ಮ ಜಗ್ಗಿದಂತೆ. ಒಂದು ಕಡೆ ಜೋಮು, ಅದರ ಪಕ್ಕದಲ್ಲಿ ಇರುವೆ ಹರಿದಂತೆ ತುರಿಕೆ. ನಿದ್ದೆ ಇಲ್ಲ. ಮೊದಲು ಎಂದೂ ಸಿಟ್ಟಾಗದ ಮನುಷ್ಯ ಮಕ್ಕಳ ಮೇಲೆ ರೇಗತೊಡಗಿದರು. ಆಮೇಲೆ ತಾವೇ ಕಣ್ಣೀರು ಹಾಕುವರು. ಅಕ್ಕ ನಮ್ಮ ಮುಂದೆ, “ಜೀವ ಉಳೀತು, ಆದರ ಮನಿಶ್ಯಾ ಪೂರಾ ಮನಿಗೆ ಬರಲಿಲ್ಲ” ಎಂದು ಅಡಿಗೆಮನೆಯಲ್ಲಿ ನಿಂತು ಹೇಳಿದಳು. ತಲೆಗೆ ಪೆಟ್ಟು ಬಿದ್ದವರ ಮನೆಯವರಿಗೆ ಈ ಮಾತಿನ ಅರ್ಥ ಬೇಗನೆ ಆಗುವದು.

ಶಸ್ತ್ರವೈದ್ಯರು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರು. ಒಳಗೆ ಎಲ್ಲ ಸರಿಯಾಗಿತ್ತು. “ಉಳಿದುದು ಸ್ನಾಯುಗಳದೂ ನರಗಳದೂ ದೂರು. ವ್ಯಾಯಾಮ ಮಾಡಿರಿ, ಕಾಲ ಹಿಡಿಯುತ್ತದೆ” ಎಂದು ಹೇಳಿ ವ್ಯಾಯಾಮ ಕಲಿಸುವವರ ಕಡೆಗೆ ಕಳಿಸಿದರು. ನಮ್ಮ ಕಚೇರಿಯ ಸ್ನೇಹಿತರೊಬ್ಬರು, ತಮ್ಮ ತಾಯಿಯ ಕುತ್ತಿಗೆನೋವಿಗೆ ಜಪಾನಿ ರೀತಿಯ ಸೂಜಿ ಚಿಕಿತ್ಸೆ, ಎಂದರೆ ಆಕ್ಯುಪಂಕ್ಚರ್, ಮಾಡಿಸಿದ್ದರು. ಆ ಮಾತನ್ನು ನಾವು ಅಂಜುತ್ತಲೇ ಶಸ್ತ್ರವೈದ್ಯರ ಕಿವಿಗೆ ಹಾಕಿದೆವು. ಅವರು ಬಯ್ಯಲಿಲ್ಲ. “ಮಾಡಿಸಬಹುದು, ಮೂರು ಮಾತು ನೆನಪಿಡಿರಿ. ಬುರುಡೆಗೆ ರಂಧ್ರ ಮಾಡಿದ ಸ್ಥಳದಲ್ಲಿ ಸೂಜಿ ಚುಚ್ಚಕೂಡದು, ಅಲ್ಲಿ ಎಲುಬಿನ ಆಸರೆಯಿಲ್ಲ. ರಕ್ತ ತೆಳುಮಾಡುವ ಗುಳಿಗೆ ಮತ್ತೆ ಸುರುವಾಗಿದೆಯೆಂದು ಮೊದಲೇ ಹೇಳಿರಿ. ನನ್ನ ಔಷಧ ಬಿಡಿಸಿದರೆ ಅಲ್ಲಿಂದ ಎದ್ದು ಬನ್ನಿರಿ” ಎಂದರು. ಈ ಮೂರು ಮಾತುಗಳನ್ನು ನಾವು ಡೈರಿಯಲ್ಲಿ ಬರೆದುಕೊಂಡೆವು.

ಮೊದಲು ಕೈ, ಆಮೇಲೆ ಸೂಜಿ

ಆ ವೈದ್ಯೆಯವರು ಮಧ್ಯವಯಸ್ಸಿನವರು, ಮಿತಭಾಷಿಗಳು. ಮೊದಲನೆಯ ದಿನ ಮುಕ್ಕಾಲು ತಾಸು ಸೂಜಿಯನ್ನು ಹೊರಗೆ ತೆಗೆಯಲೇ ಇಲ್ಲ. ಆಸ್ಪತ್ರೆಯ ಕಾಗದಗಳನ್ನೆಲ್ಲ ಓದಿದರು, ನಾಡಿ ನೋಡಿದರು, ಮಲಗಿಸಿ ಹೊಟ್ಟೆಯನ್ನು ಅಂಗೈಯಿಂದ ಅಲ್ಲಲ್ಲಿ ಮೆಲ್ಲಗೆ ಒತ್ತಿದರು. ಭಾವನವರು ನಮ್ಮ ಕಡೆಗೆ ಹೊರಳಿ ಕನ್ನಡದಲ್ಲಿ, “ತಲಿ ನೋಯ್ತದ ಅಂದ್ರ ಹೊಟ್ಟಿ ಯಾಕ ಒತ್ತತಾರ?” ಎಂದರು. ಹೊಟ್ಟೆಯನ್ನು ಮುಟ್ಟಿ ರೋಗಲಕ್ಷಣ ತಿಳಿಯುವದು ಜಪಾನಿನ ವೈದ್ಯರ ಬಹುಕಾಲದ ಪದ್ಧತಿಯೆಂದು ನಮಗೆ ಆಮೇಲೆ ಗೊತ್ತಾಯಿತು.

ಬಳಿಕ ಕುತ್ತಿಗೆಯ ಒಂದೊಂದು ಸ್ಥಳವನ್ನು ಒತ್ತಿ, ಎಲ್ಲಿ ನೋವು ಹೆಚ್ಚೆಂದು ಕೇಳಿ ಗುರುತು ಮಾಡಿಕೊಂಡರು. ಸೂಜಿ ಹಾಕಿದುದು ಕುತ್ತಿಗೆಗಲ್ಲ; ಮೊಣಕೈಯ ಹತ್ತಿರ, ಕಾಲಿನ ಹತ್ತಿರ. ಹಾಕಿ, ಮತ್ತೆ ಕುತ್ತಿಗೆಯ ಅದೇ ಸ್ಥಳ ಒತ್ತಿ, “ಈಗ?” ಎಂದು ಕೇಳಿದರು. ನೋವು ಕಡಿಮೆಯೆಂದರೆ ಸೂಜಿ ಅಲ್ಲಿಯೇ. ಇಲ್ಲವೆಂದರೆ ತೆಗೆದು ಸ್ವಲ್ಪ ಆಚೆ ಈಚೆ. ಎಂದರೆ ಪುಸ್ತಕದಲ್ಲಿ ಬರೆದ ಬಿಂದುವಿಗಿಂತ ಬೆರಳಿಗೆ ಸಿಕ್ಕ ಬಿಂದುವಿಗೆ ಹೆಚ್ಚು ಮರ್ಯಾದೆ.

ಶಸ್ತ್ರಕ್ರಿಯೆಯ ಕಲೆಗಳ ವಿಷಯದಲ್ಲಿಯೂ ಹೀಗೆಯೇ. ಗಾಯ ಮಾಯುವಾಗ ಶರೀರ ಅವಸರದಿಂದ ತೇಪೆ ಹಾಕುತ್ತದೆ. ಆ ತೇಪೆಯ ನೂಲು ಮೊದಲಿನ ಚರ್ಮದಷ್ಟು ನಯವಾಗಿ ನೇಯ್ದುದಲ್ಲ. ಕೆಳಗಿನ ಪದರಿಗೆ ಅಂಟಿಕೊಂಡರೆ ಜಗ್ಗುತ್ತದೆ. ಕತ್ತರಿಸಿದ ಸಣ್ಣ ನರಗಳು ತಿರುಗಿ ಬೆಳೆಯುವಾಗ ಜೋಮು, ತುರಿಕೆ. ವೈದ್ಯೆಯವರು ಕಲೆಯ ಮೇಲೆ ಚುಚ್ಚಲಿಲ್ಲ. ಎಲುಬು ಗಟ್ಟಿಯಿರುವ ಸ್ಥಳ ನೋಡಿ, ಸುತ್ತಲಿನ ಚರ್ಮದಲ್ಲಿ ಎರಡೋ ಮೂರೋ ಸೂಜಿಗಳನ್ನು ಓರೆಯಾಗಿ, ಮೇಲಿಂದ ಮೇಲೆ ಮಾತ್ರ ಇಟ್ಟರು. ಜಪಾನಿನಲ್ಲಿ ಮಾಚಿಪತ್ರೆಯ ಜಾತಿಯ ಒಂದು ಗಿಡದ ಎಲೆಯಿಂದ ಅರಳೆಯಂಥ ನಯವಾದ ಪದಾರ್ಥ ಮಾಡಿ, ಅದರ ಕಾಳಿನಷ್ಟು ಉಂಡೆಯನ್ನು ಚರ್ಮದ ಮೇಲೆ ಹೊತ್ತಿಸಿ ಕಾವು ಕೊಡುವ ಕ್ರಮವೂ ಉಂಟು. ಗಣಪತಿಯ ಪತ್ರಿಯಲ್ಲಿ ಮಾಚಿಪತ್ರೆಯನ್ನು ಏರಿಸುವ ನಮಗೆ ಇದು ಕೇಳಿ ಸೋಜಿಗವೆನಿಸಿತು. ಆದರೆ ವೈದ್ಯೆಯವರು ಅದನ್ನು ಕಲೆಯ ಹತ್ತಿರ ಮಾಡಲಿಲ್ಲ. ಜೋಮು ಹಿಡಿದ ಚರ್ಮಕ್ಕೆ ಸುಟ್ಟುದು ತಿಳಿಯುವದಿಲ್ಲವೆಂದರು. ನಮ್ಮ ಹಳ್ಳಿಗಳಲ್ಲಿ ಎಳೆಯ ಕೂಸುಗಳಿಗೂ ಬರೆ ಹಾಕುವ ಕೆಟ್ಟ ರೂಢಿ ನಮ್ಮ ಕಣ್ಣ ಮುಂದೆ ಬಂದಿತು. ಕಾವು ಕೊಡುವದು ಬೇರೆ, ಸುಡುವದು ಬೇರೆ.

ಕುರುಡ ವೈದ್ಯನ ಕೊಳವೆ

ಈ ಜಪಾನಿ ರೀತಿಯೆಂದರೇನು, ಚೀನದ ಸೂಜಿಗೂ ಇದಕ್ಕೂ ಭೇದವೇನು ಎಂದು ನಾವು ಕೇಳಿ, ಓದಿ ತಿಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸೂಜಿಯ ವಿದ್ಯೆ ಹುಟ್ಟಿದುದು ಚೀನದಲ್ಲಿ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅದು ಜಪಾನಿಗೆ ಹೋಯಿತು. ಅಲ್ಲಿ ಅದಕ್ಕೆ ಬೇರೆ ರೂಪ ಕೊಟ್ಟವರಲ್ಲಿ ಮುಖ್ಯನು ಸುಗಿಯಾಮಾ ವಾಯಿಚಿ. ೧೬೧೦ರಲ್ಲಿ ಹುಟ್ಟಿದ ಇವನಿಗೆ ಚಿಕ್ಕಂದಿನಲ್ಲಿಯೇ ಕಣ್ಣು ಹೋದವು. ಗುರುವಿನ ಬಳಿ ಸೂಜಿಯ ವಿದ್ಯೆ ಕಲಿಯಲು ಹೋದರೆ, ದಡ್ಡನೆಂದು ಗುರು ಹೊರಗೆ ಹಾಕಿದನು. ಆತನು ಎನೋಷಿಮಾ ಎಂಬ ದ್ವೀಪದ ಗುಹೆಗೆ ಹೋಗಿ, ಅಲ್ಲಿಯ ದೇವಿ ಬೆಂಜೈತೆನ್‌ಳ ಎದುರು ಉಪವಾಸ ಕುಳಿತನಂತೆ. ಈ ಬೆಂಜೈತೆನ್ ಬೇರೆ ಯಾರೂ ಅಲ್ಲ, ಬೌದ್ಧರ ಸಂಗಡ ಪೂರ್ವದೇಶಗಳಿಗೆ ಹೋದ ನಮ್ಮ ಸರಸ್ವತಿಯೇ. ಉಪವಾಸ ಮುಗಿಸಿ ಬರುವಾಗ ಕಲ್ಲೆಡವಿ ಬಿದ್ದನು. ಕೈಗೆ ಏನೋ ಚುಚ್ಚಿತು. ತಡವಿ ನೋಡಿದರೆ ಕೊಳವೆಯಂತೆ ಸುರುಳಿಯಾದ ಎಲೆಯೊಳಗೆ ಸಿಕ್ಕಿದ್ದ ದೇವದಾರುವಿನ ಜಾತಿಯ ಮರದ ಒಂದು ಸೂಜಿಯೆಲೆ. ಸೂಜಿಯನ್ನು ಕೊಳವೆಯಲ್ಲಿಟ್ಟು ಚುಚ್ಚುವ ಯುಕ್ತಿ ಅವನಿಗೆ ಹೊಳೆದುದು ಆಗಲೇ ಎಂದು ಜನ ಹೇಳುತ್ತಾರೆ.

ಕಥೆಯಲ್ಲಿ ದಂತಕಥೆಯ ಭಾಗವೆಷ್ಟಿದ್ದರೂ ಕೊಳವೆ ಮಾತ್ರ ನಿಜ. ಸೂಜಿ ಕೊಳವೆಗಿಂತ ಸ್ವಲ್ಪ ಉದ್ದ. ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು ಸೂಜಿಯ ತಲೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ತುದಿ ಒಳಗೆ ಹೋದುದು ಗೊತ್ತಾಗುವದಿಲ್ಲ. ಇದರಿಂದ ಬಹಳ ತೆಳ್ಳಗಿನ ಸೂಜಿಗಳನ್ನು ಬಾಗದಂತೆ ಹಾಕಲು ಅನುಕೂಲವಾಯಿತು. ಜಪಾನಿ ರೀತಿಯಲ್ಲಿ ಸಾಮಾನ್ಯವಾಗಿ ಬಳಸುವ ಸೂಜಿಯ ದಪ್ಪ ೦.೧೬ರಿಂದ ೦.೨೦ ಮಿಲಿಮೀಟರ್, ಚೀನೀ ರೀತಿಯಲ್ಲಿ ೦.೨೫ರಿಂದ ೦.೩೦ ಇರುವದುಂಟು. ಚುಚ್ಚುವ ಆಳವೂ ಕಡಿಮೆ. ಕೆಲವರು ಚುಚ್ಚದೆ ಚರ್ಮಕ್ಕೆ ತಾಕಿಸಿ ಬಿಡುವದೂ ಉಂಟು. ಕಣ್ಣಿಲ್ಲದ ವೈದ್ಯನಿಗೆ ಬೆರಳೇ ಕಣ್ಣು. ಮುಟ್ಟಿ ಮುಟ್ಟಿ ಹುಡುಕುವ ಪದ್ಧತಿ ಅಲ್ಲಿ ಬೇರೂರಿದುದರಲ್ಲಿ ಆಶ್ಚರ್ಯವೇನು?

ಸುಗಿಯಾಮಾ ಮುಂದೆ ಐದನೆಯ ತೊಕುಗಾವಾ ಷೋಗುನ್ ತ್ಸುನಾಯೋಷಿಯ ವೈದ್ಯನಾದನು. ಕುರುಡರಿಗೆ ಈ ವಿದ್ಯೆ ಕಲಿಸುವ ಶಾಲೆಗಳನ್ನು ನಡೆಸಿದನು. ಏನು ಬೇಕೆಂದು ದೊರೆ ಕೇಳಿದಾಗ “ಒಂದು ಕಣ್ಣು” ಎಂದನಂತೆ. ದೊರೆಯು ‘ಒಂದನೆಯ ಕಣ್ಣು’ ಎಂದು ಅರ್ಥವಾಗುವ ಹೆಸರಿನ ಪೇಟೆಯಲ್ಲಿ ಅವನಿಗೆ ಭೂಮಿ ಕೊಟ್ಟನಂತೆ. ೧೬೯೪ರಲ್ಲಿ ಆತನು ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಅಲ್ಲಿಯ ಪರಕೀಯ ಸೈನ್ಯಾಡಳಿತವು ಈ ಚಿಕಿತ್ಸೆಯನ್ನು ನಿಲ್ಲಿಸಲು ನೋಡಿತು. ಹೊಟ್ಟೆಯ ಪಾಡಿಗೆ ಅದನ್ನೇ ನಂಬಿದ್ದ ಕುರುಡರು ಬಲವಾಗಿ ಪ್ರತಿಭಟಿಸಿದರು. ಕೊನೆಗೆ ೧೯೪೭ರಲ್ಲಿ ಕಾಯಿದೆಯೇ ಆಗಿ, ಕಲಿತು ಪರವಾನಿಗೆ ಪಡೆದವರು ಮಾತ್ರ ಮಾಡಬೇಕೆಂದು ಗೊತ್ತಾಯಿತು.

ಸೊಲ್ಲಾಪುರದ ನಂಟು

ನಮ್ಮ ದೇಶಕ್ಕೆ ಸೂಜಿ ಬಂದ ದಾರಿಯಲ್ಲಿ ನಮ್ಮ ಗಡಿನಾಡಿನ ಒಂದು ಹೆಸರು ಸಿಗುತ್ತದೆ. ೧೯೩೮ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ಗಾಯಾಳುಗಳ ಶುಶ್ರೂಷೆಗಾಗಿ ಭಾರತದ ರಾಷ್ಟ್ರೀಯ ಸಭೆಯು ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು ಕನ್ನಡ-ಮರಾಠಿ ಎರಡೂ ಕೇಳಿಬರುವ ಸೊಲ್ಲಾಪುರದಲ್ಲಿ ೧೯೧೦ರಲ್ಲಿ ಹುಟ್ಟಿದ, ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತ ಡಾಕ್ಟರ ದ್ವಾರಕಾನಾಥ ಕೋಟಣೀಸರು. ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ದುಡಿದು, ೧೯೪೨ರ ಡಿಸೆಂಬರ್ ೯ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ಮಡಿದರು. ೧೯೪೬ರಲ್ಲಿ ವ್ಹಿ. ಶಾಂತಾರಾಮರು ಅವರ ಮೇಲೆ ತೆಗೆದ ಚಿತ್ರಪಟವನ್ನು ನಮ್ಮ ಹಿರಿಯರು ನೋಡಿದ್ದಾರೆ. ಆ ಐವರಲ್ಲಿ ಇನ್ನೊಬ್ಬರು ಕಲಕತ್ತೆಯ ಡಾಕ್ಟರ ಬಿ. ಕೆ. ಬಸು. ೧೯೫೦ರ ದಶಕದ ಕೊನೆಗೆ ಅವರು ಮತ್ತೆ ಚೀನಕ್ಕೆ ಹೋಗಿ ಸೂಜಿಯ ವಿದ್ಯೆ ಕಲಿತು ಬಂದು ಕಲಕತ್ತೆಯಲ್ಲಿ ಸುರುಮಾಡಿದರು; ಗೆಳೆಯ ಕೋಟಣೀಸರ ಹೆಸರಿನ ಸಮಿತಿಯ ಮೂಲಕ ಅದು ಬೇರೆ ಪ್ರಾಂತಗಳಿಗೂ ಹಬ್ಬಿತು. ಭಾರತ ಸರಕಾರವು ೨೦೧೯ರಲ್ಲಿ ಇದನ್ನು ಒಂದು ಸ್ವತಂತ್ರ ಚಿಕಿತ್ಸಾಪದ್ಧತಿಯೆಂದು ಮನ್ನಿಸಿತು. ನಮ್ಮ ಮಹಾರಾಷ್ಟ್ರದಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾಯಿದೆಯೂ ಮಂಡಳಿಯೂ ಇವೆ. ಕಾಗದಪತ್ರಗಳಲ್ಲಿಯೇ ಆಯುಷ್ಯ ಕಳೆಯುವ ಗುಮಾಸ್ತರಾದ ನಾವು ಹೇಳುವದೇನೆಂದರೆ: ಗೋಡೆಯ ಮೇಲಿನ ದೊಡ್ಡ ಫಲಕವನ್ನಲ್ಲ, ನೋಂದಣಿಯ ಕಾಗದವನ್ನು ಕೇಳಿ ನೋಡಿರಿ. ಸಂಕೋಚ ಬೇಡ.

ತಕ್ಕಡಿಯಲ್ಲಿ ತೂಗಿದರೆ

ಹಾಗಾದರೆ ಭಾವನವರಿಗೆ ಗುಣವಾಯಿತೆ? ವಾಚಕರು ಇದನ್ನೇ ಮೊದಲು ಕೇಳುವವರು. ವಾರಕ್ಕೊಮ್ಮೆಯಂತೆ ಎಂಟು ಸಲ ಹೋದೆವು. ಒಂದೊಂದು ಸಲಕ್ಕೆ ನಮ್ಮ ಮೂರು ತಿಂಗಳ ರೈಲ್ವೆ ಪಾಸಿನಷ್ಟು ಖರ್ಚು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ನಾಲ್ಕನೆಯ ಸಲದ ನಂತರ, ಬಸ್ಸಿಗಾಗಿ ನಿಂತಾಗ, ಭಾವನವರು ಮೈ ಹೊರಳಿಸದೆ ಬರಿಯ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದುದನ್ನು ಅಕ್ಕ ನಮಗೆ ಕಣ್ಸನ್ನೆಯಿಂದ ತೋರಿಸಿದಳು. ದಿನಾಲು ಬರುತ್ತಿದ್ದ ತಲೆನೋವು ವಾರಕ್ಕೆ ಎರಡು ಸಲಕ್ಕೆ ಇಳಿಯಿತು. ನಿದ್ದೆ ಬಂದಿತು. ಕಲೆಯ ಜಗ್ಗಾಟ ತಗ್ಗಿತು. ಜೋಮು ಹಾಗೆಯೇ ಉಳಿಯಿತು. ಮರೆವು ಹಾಗೆಯೇ ಉಳಿಯಿತು. ಮೂರು ಅಂಕೆಗಳ ಕೂಡಿಕೆಯನ್ನು ಮನಸ್ಸಿನಲ್ಲಿ ಮಾಡುತ್ತಿದ್ದವರು ಈಗ ಕಾಗದ ತೆಗೆದುಕೊಳ್ಳುತ್ತಾರೆ.

ಇದರಲ್ಲಿ ಸೂಜಿಯ ಪಾಲೆಷ್ಟು? ಅದೇ ಕಾಲಕ್ಕೆ ವ್ಯಾಯಾಮವೂ ನಡೆದಿತ್ತು, ದಿನಗಳೂ ಉರುಳುತ್ತಿದ್ದವು, ವಾರಕ್ಕೊಮ್ಮೆ ಒಬ್ಬರು ಮುಕ್ಕಾಲು ತಾಸು ಕುಳಿತು ಅವರ ದೂರನ್ನು ಕೇಳುತ್ತಿದ್ದರು. ಯಾವುದರಿಂದ ಎಷ್ಟು ಎಂದು ನಾವು ತೂಗಲಾರೆವು. ತೂಗುವವರು ಬೇರೆ ಇದ್ದಾರೆ. ಕೊಕ್ರೇನ್ ಎಂಬ ಸಂಸ್ಥೆಯು ಜಗತ್ತಿನ ಪ್ರಯೋಗಗಳನ್ನೆಲ್ಲ ಕೂಡಿಸಿ ಪರೀಕ್ಷಿಸುತ್ತದೆ. ಕೆಲವರಿಗೆ ನಿಜವಾದ ಸೂಜಿ, ಕೆಲವರಿಗೆ ಚುಚ್ಚಿದಂತೆ ತೋರಿಸುವ ಹುಸಿ ಸೂಜಿ ಅಥವಾ ತಪ್ಪು ಸ್ಥಳದಲ್ಲಿ ಸೂಜಿ; ರೋಗಿಗೆ ಯಾವುದೆಂದು ತಿಳಿಸದೆ ಇಂಥ ಪ್ರಯೋಗ ಮಾಡುವದುಂಟು. ಪದೇ ಪದೇ ಬರುವ ಬಿಗಿತದ ತಲೆನೋವಿನಲ್ಲಿಯೂ ಅರೆತಲೆನೋವಿನಲ್ಲಿಯೂ ಸೂಜಿಯಿಂದ ನೋವಿನ ದಿನಗಳು ಕಡಿಮೆಯಾಗುವವೆಂದು ೨೦೧೬ರ ಅವರ ವಿಮರ್ಶೆಗಳು ಹೇಳುತ್ತವೆ. ಆದರೆ ನಿಜ ಸೂಜಿಗೂ ಹುಸಿ ಸೂಜಿಗೂ ನಡುವಿನ ಅಂತರ ಸಣ್ಣದು. ಬ್ರಿಟನ್ನಿನ ಸರಕಾರಿ ಆರೋಗ್ಯ ಸೂಚನೆಗಳು ೨೦೧೨ರಲ್ಲಿ ಇಂಥ ತಲೆನೋವಿಗೆ ಐದರಿಂದ ಎಂಟು ವಾರಗಳಲ್ಲಿ ಹತ್ತು ಸಲದ ವರೆಗೆ ಸೂಜಿ ಮಾಡಿಸಬಹುದೆಂದು ಹೇಳಿದವು. ಆದರೆ ಪೆಟ್ಟು ಬಿದ್ದ ಮೆದುಳನ್ನೇ ಸೂಜಿ ಸರಿಪಡಿಸುವದೆ ಎಂಬ ಪ್ರಶ್ನೆಗೆ ೨೦೧೩ರ ಕೊಕ್ರೇನ್ ವಿಮರ್ಶೆ ಕೊಟ್ಟ ಉತ್ತರ ಸ್ಪಷ್ಟ: ಹಾಗೆನ್ನಲು ತಕ್ಕ ಆಧಾರವಿಲ್ಲ. ಪ್ರಯೋಗಗಳು ಸ್ವಲ್ಪ, ಅವೂ ಗಟ್ಟಿಯಾದುವಲ್ಲ.

ನಮ್ಮ ವೈದ್ಯೆಯವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. “ನಾನು ಅವರ ಮೆದುಳನ್ನು ಮುಟ್ಟುವದಿಲ್ಲ, ಕುತ್ತಿಗೆಯ ಬಿಗಿಯನ್ನು ಸಡಿಲು ಮಾಡಲು ನೋಡುತ್ತೇನೆ, ಅಷ್ಟೆ” ಎಂದು. ಎಲ್ಲ ರೋಗಕ್ಕೂ ನನ್ನಲ್ಲಿ ಮದ್ದಿದೆ ಎನ್ನದ ಆ ಒಂದು ಮಾತಿಗೇ ನಮಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ಅಡಿಗೆಮನೆಯ ಗೋಡೆಗೆ

ನಮ್ಮ ಸಂಘದ ತಾಯಂದಿರಲ್ಲಿ ಅಕ್ಕನ ಪರವಾಗಿ ಒಂದು ವಿನಂತಿ. ಕೆಳಗಿನದನ್ನು ಒಂದು ಕಾಗದದ ಮೇಲೆ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ನಮ್ಮ ಮನೆಯಲ್ಲಿ ಅಂಟಿಸಿದ್ದೇವೆ.

ತಲೆಗೆ ಪೆಟ್ಟು ಬಿದ್ದವರಿಗೆ ಎಚ್ಚರ ತಪ್ಪಿದರೆ, ತಲೆನೋವು ಏರುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಹೆಚ್ಚಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ, ಮೂಗು-ಕಿವಿಗಳಿಂದ ನೀರೋ ರಕ್ತವೋ ಬಂದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಕೂಡಲೆ ಆಸ್ಪತ್ರೆಗೆ, ೧೦೮ಕ್ಕೆ ಫೋನು. ರಕ್ತ ತೆಳುಮಾಡುವ ಗುಳಿಗೆ ನುಂಗುವವರು ಏನೂ ಆಗದಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು. ಈ ಲಕ್ಷಣಗಳು ವಾರಗಳ ನಂತರವೂ ಬರಬಹುದು; “ಅದು ಹಳೆಯ ಪೆಟ್ಟು” ಎಂದು ತಳ್ಳಿಹಾಕಬಾರದು.

ಕುತ್ತಿಗೆನೋವಿನ ಜೊತೆಗೆ ಕೈಬೆರಳು ಜೋಮು ಹಿಡಿದರೆ, ಗುಂಡಿ ಹಾಕಲು ಬಾರದಾದರೆ, ನಡಿಗೆ ತಪ್ಪಿದರೆ ಅದೂ ವೈದ್ಯರ ಕೆಲಸ, ಕ್ಷೌರದ ಅಂಗಡಿಯದಲ್ಲ.

ಸೂಜಿ ಮಾಡಿಸುವವರು ಪ್ರತಿಸಲ ಹೊಸ ಪೊಟ್ಟಣ ಒಡೆದ, ಒಮ್ಮೆ ಬಳಸಿ ಎಸೆಯುವ ಸೂಜಿಯೇ ಎಂದು ಕಣ್ಣಾರೆ ನೋಡಬೇಕು. ಹಸಿ ಗಾಯದ ಮೇಲೆ, ಕೀವು ತುಂಬಿದ ಸ್ಥಳದಲ್ಲಿ, ಎಲುಬಿಲ್ಲದ ಬುರುಡೆಯ ಮೇಲೆ ಸೂಜಿ ಬೇಡ. ಹೆಗಲು-ಎದೆಗಳ ಹತ್ತಿರ ಆಳಕ್ಕೆ ಚುಚ್ಚಿದರೆ ಪುಪ್ಪುಸಕ್ಕೆ ತೂತು ಬೀಳುವ ಅಪಾಯವುಂಟು. ಕಲಿತವರ ಕೈಯೇ ಬೇಕು.

ಭಾವನವರು ಈಗ ಮತ್ತೆ ಅಂಗಡಿಗೆ ಹೋಗುತ್ತಿದ್ದಾರೆ, ಅರ್ಧ ದಿನ ಮಾತ್ರ. ತುಂಬಿದ ಗಾಡಿ ಬಂದರೆ ಬಿಟ್ಟುಬಿಡುತ್ತಾರೆ. ಹೋದ ವಾರ ನಾವು ಕಚೇರಿಗೆ ಹೊತ್ತಾಯಿತೆಂದು ಓಡಹೊರಟಾಗ ನಮ್ಮ ರಟ್ಟೆ ಹಿಡಿದು, “ಇನ್ನೊಂದು ಬರ್ತದ, ನಿಲ್ಲು” ಎಂದರು. ನಿಂತೆವು. ಆ ದಿನ ಹಾಜರಿಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಕೆಂಪು ಗುರುತು ಬಿದ್ದಿತು. ಬೀಳಲಿ. ನಮ್ಮಿಂದಾದ ಇಪ್ಪತ್ತಮೂರು ದಿನಗಳ ತಪ್ಪು ನಿಮ್ಮ ಮನೆಯಲ್ಲಿ ಒಂದು ದಿನವೂ ಆಗದಿರಲಿ ಎಂಬದೇ ನಮ್ಮ ಹಾರೈಕೆ.